ಟುವಾಲಿನ ಕೆಳಗಿನ ವ್ಯಾಪಾರ

ಯಾರೂ ಕೇಳದಿದ್ದರೂ ಸಲಹೆ ಕೊಡುವುದು ನನ್ನ ಚಟ. ಬದನೆಕಾಯಿ ಆರಿಸುವವರಿಗೆ ಕೊಟ್ಟಿದ್ದೇನೆ, ಹೆಣ್ಣು ನೋಡಲು ಹೊರಟವರಿಗೆ ಕೊಟ್ಟಿದ್ದೇನೆ. ಉಣಕಲ್ ಕೆರೆಯಲ್ಲಿ ಈಜುತ್ತಿದ್ದವನೊಬ್ಬನಿಗೂ ದಂಡೆಯ ಮೇಲೆ ನಿಂತು ಕೊಟ್ಟಿದ್ದೇನೆ. ನನಗೆ ಈಜು ಬಾರದು. ಆದರೆ ವೈದ್ಯಶಾಸ್ತ್ರಕ್ಕೂ ಒಂದು ಸಲಹೆ ಕೊಟ್ಟೆನೆಂದರೆ ನೀವು ನಗುತ್ತೀರಿ. ನಗಿರಿ, ಆದರೆ ಪೂರ್ತಿ ಕೇಳಿ ನಗಿರಿ.

ಹುಬ್ಬಳ್ಳಿಯ ಹತ್ತಿ ಪೇಟೆಯಲ್ಲಿ ನಾನು ದಲಾಲ. ಹತ್ತಿ ತುಂಬಿದ ಅಂಡಿಗೆ ಹೊರುವುದರಿಂದ ಆರಂಭಿಸಿ ಗಾದಿಯ ಮೇಲೆ ಕೂಡುವವರೆಗೆ ಬಂದವನು. ನಮ್ಮಲ್ಲಿ ದರವನ್ನು ಬಾಯಿಂದ ಹೇಳುವ ಪದ್ಧತಿಯಿಲ್ಲ. ಕೊಳ್ಳುವವನೂ ಮಾರುವವನೂ ಕೈಗೆ ಕೈ ಕೊಟ್ಟು, ಮೇಲೊಂದು ಟುವಾಲು ಹೊದಿಸುತ್ತಾರೆ. ಒಳಗೆ ಬೆರಳು ಬೆರಳನ್ನು ಹಿಡಿಯುತ್ತದೆ, ಒತ್ತುತ್ತದೆ, ಬಿಡುತ್ತದೆ. ಎಷ್ಟು ಬೆರಳೋ ಅಷ್ಟು ದರ; ಕೊಟ್ಟ ಬೆರಳನ್ನೇ ಗಟ್ಟಿಯಾಗಿ ಹಿಡಿದರೆ ಒಪ್ಪಿಗೆ. ಹೊರಗೆ ಇಬ್ಬರೂ ಮಳೆಯ ಮಾತಾಡುತ್ತಿರುತ್ತಾರೆ. ಸುತ್ತ ನಿಂತವರಿಗೆ ಒಂದೂ ತಿಳಿಯದು. ಮನುಷ್ಯನ ಮುಖ ಸುಳ್ಳು ಹೇಳೀತು, ಬೆರಳು ಹೇಳಲಾರದು ಎಂಬುದು ನನ್ನ ಅನುಭವ.

ಇಂಥ ನಾನು ಹೋದ ವರ್ಷ, ಅಂದರೆ ೧೯೬೦ರಲ್ಲಿ, ಅಕ್ಕ ನೀಲವ್ವನನ್ನು ಕರೆದುಕೊಂಡು ದವಾಖಾನೆಗೆ ಹೋದೆ. ಅಕ್ಕನನ್ನು ಕೊಟ್ಟದ್ದು ಉಪ್ಪಿನಬೆಟಗೇರಿಗೆ. ಎದೆಯಲ್ಲೊಂದು ಗಂಟು, ಕಡಲೆಕಾಳಿನಷ್ಟಿದ್ದದ್ದು ಅಡಿಕೆಯಷ್ಟಾಗುವವರೆಗೂ ಯಾರ ಮುಂದೂ ಬಾಯಿ ಬಿಟ್ಟಿರಲಿಲ್ಲ. ಡಾಕ್ಟರು ಪರೀಕ್ಷೆ ಮಾಡಿಸಿ, ಇದು ಕ್ಯಾನ್ಸರು, ಬೇಗ ಆಪರೇಷನ್ ಮಾಡಿದರೆ ಉಳಿಯುವ ಆಸೆಯಿದೆ ಎಂದರು. ಅಕ್ಕ ಸೆರಗು ಬಿಗಿದುಕೊಂಡಳು.

“ನೋವಿಲ್ಲ, ಉರಿ ಇಲ್ಲ. ತನ್ನಷ್ಟಕ್ಕ ತಾ ಕುಂತೈತಿ. ಅದನ್ಯಾಕ ಕೆಣಕ್ತೀರಿ?”

“ಅದ ನೋಡ್ರಿ ಯವ್ವಾ, ಅದರ ಠಕ್ಕತನ!” ಎಂದರು ಡಾಕ್ಟರು.

ಅವರು ನನಗಿಂತ ಕಿರಿಯರು, ಪರದೇಶದ ಪತ್ರಿಕೆಗಳನ್ನು ತರಿಸಿ ಓದುವವರು. ನಾನು ಬಿಡದೆ ಕೇಳಿದೆ, ಅವರು ಬೇಸರವಿಲ್ಲದೆ ಹೇಳಿದರು. ಮುಳ್ಳು ಚುಚ್ಚಿದರೆ ಬಾವು ಬಂದು ಕೀವಾಗುತ್ತದಲ್ಲ, ಅದು ದೇಹದ ಕಾವಲುಗಾರರ ಕಾಳಗ. ರಕ್ತದ ಬಿಳಿ ಕಣಗಳೇ ಆ ಕಾವಲುಗಾರರು. ಹೊರಗಿನವರನ್ನು ಕಂಡರೆ ಬಿಡುವುದಿಲ್ಲ. ಆದರೆ ಈ ಗಂಟು ಹೊರಗಿನದಲ್ಲ, ಮನೆಯ ಮಗನೇ ಹಾದಿ ಬಿಟ್ಟದ್ದು. ಅದೇ ಮುಖ, ಅದೇ ಅಂಗಿ. ಇಂಥ ಪುಂಡರು ನಮ್ಮೆಲ್ಲರ ಮೈಯಲ್ಲೂ ಆಗಾಗ ಹುಟ್ಟುತ್ತಿರಬಹುದು, ಕಾವಲುಗಾರರು ಅಲ್ಲಲ್ಲೇ ಮುಗಿಸುತ್ತಿರಬಹುದು ಎಂದು ಕೆಲವು ಪಂಡಿತರ ಊಹೆಯಂತೆ. ಬೆಳೆದು ಗಂಟಾಗುವುದು ಅವರಿಂದ ಪಾರಾಗಲು ಕಲಿತದ್ದು ಮಾತ್ರ. ಇನ್ನೂ ವಿಚಿತ್ರವೆಂದರೆ, ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಕೆಲವು ಗಂಟುಗಳ ಸುತ್ತ ಬಿಳಿ ಕಣಗಳು ನೆರೆದಿರುತ್ತವೆ. ಬಂದಿವೆ, ಕೈ ಮಾಡಿಲ್ಲ.

“ಬಂದವರು ಯಾಕ ಸುಮ್ಮನ ನಿಂತ್ರು?” ಎಂದೆ.

“ಅದು ಇನ್ನೂ ಯಾರಿಗೂ ತಿಳಿದಿಲ್ರಿ.”

“ನನಗ ತಿಳೀತ್ರಿ! ಟುವಾಲಿನ ಕೆಳಗ ಬೆರಳು ಒತ್ತೈತಿ ಆ ಗಂಟು. ‘ನಾವು ನೀವು ಒಂದ ಮನಿಯವರು, ಸುಮ್ಕಿರ್ರಿ’ ಅಂತ. ಆ ಪಂಡಿತರಿಗೆ ಬರೀರಿ ಡಾಕ್ಟರ, ಕಾವಲುಗಾರರನ್ನ ಬೈಯೂದು ಬಿಟ್ಟು ಟುವಾಲು ಕಿತ್ತು ಒಗೀರಿ ಅಂತ.”

ಡಾಕ್ಟರು ನಕ್ಕರು. ಆಮೇಲೆ ಯಾಕೋ ನಗು ನಿಲ್ಲಿಸಿ ನನ್ನ ಹೆಗಲ ಮೇಲಿನ ಟುವಾಲನ್ನೇ ನೋಡಿದರು.

“ಜ್ವರ ಬರೂ ಇಂಜೆಕ್ಷನ್ ಕೊಟ್ಟು ಕಾವಲುಗಾರರನ್ನ ಎಬ್ಬಿಸಿ ನೋಡ್ಯಾರ್ರಿ. ಕೆಲವರಿಗೆ ಗಂಟು ಕರಗೇತಿ, ಬಹಳ ಮಂದಿಗೆ ಇಲ್ಲ. ಮತ್ತ ಎದ್ದವರು ಸಿಟ್ಟಿನಾಗ ಮನಿ ಮಂದೀನ್ನ ಹೊಡಿಯಾಕ ಹತ್ತಿದ್ರ? ಆ ಔಷಧ ನಮ್ಮ ಮೊಮ್ಮಕ್ಕಳ ಕಾಲಕ್ಕ ಬಂದೀತು. ನಿಮ್ಮ ಅಕ್ಕಾರಿಗೆ ಇವತ್ತ ಇರೂದು ಚಾಕು ಒಂದ.”

ಹೀಗೆ ವಿಜ್ಞಾನ ತಿರುಗಿ ಅಕ್ಕನ ಕಟ್ಟೆಗೇ ಬಂದು ಕೂತಿತು. ಪೇಟೆಯಲ್ಲಿ ಕಲ್ಲನ್ನೂ ಒಪ್ಪಿಸುವವನು ಎಂಬ ಹೆಸರಿದೆ ನನಗೆ. ಉಪ್ಪಿನಬೆಟಗೇರಿಗೆ ಹೋಗಿ ಬೈದೆ, ಬೇಡಿಕೊಂಡೆ, ಆಣೆ ಹಾಕಿದೆ. ಭಾವ, ಅಕ್ಕನ ಅತ್ತೆ, ನೆರೆಹೊರೆಯವರೆಲ್ಲ ಸುತ್ತ ಕೂತು ತಲೆಗೊಂದು ಮಾತು ಸೇರಿಸಿದರು. ಅಕ್ಕ ಕಲ್ಲಿಗಿಂತ ಗಟ್ಟಿ. ಆಗ ಹೊಳೆಯಿತು: ಎದೆಯ ವಿಷಯಕ್ಕೆ ಇಷ್ಟು ಮಂದಿಯ ಎದುರು ಯಾವ ಹೆಣ್ಣುಮಗಳು ಬಾಯಿಬಿಟ್ಟು ಹೂಂ ಎಂದಾಳು?

ಭಾವ ಬಹಳ ಮೆತ್ತಗಿನವರು. ಅವರ ಹತ್ತಿಯ ವ್ಯಾಪಾರವನ್ನು ಪ್ರತಿ ಸುಗ್ಗಿಗೂ ನನ್ನೊಡನೆ ಕುದುರಿಸುವವಳು ಅಕ್ಕನೇ; ಬೆರಳ ಭಾಷೆಯನ್ನು ಕಲಿಸಿ ಕೆಟ್ಟವನು ನಾನೇ. ಅವಳ ಪಕ್ಕ ಕೂತು ಕೈ ಹಿಡಿದು ಟುವಾಲು ಹೊದಿಸಿದೆ.

“ಈಗೆಲ್ಲಿ ಹತ್ತಿ ಐತೋ ಹುಚ್ಚಪ್ಪಾ?” ಎಂದಳು. ಕೈ ಮಾತ್ರ ಎಳೆದುಕೊಳ್ಳಲಿಲ್ಲ.

ಒಂದು ಬೆರಳು ಕೊಟ್ಟೆ: ಒಂದು ವಾರದೊಳಗೆ ಆಪರೇಷನ್. ಅವಳು ಇಡೀ ಅಂಗೈಯನ್ನೇ ಹಿಡಿದಳು: ಸುಗ್ಗಿ ಮುಗಿಯಲಿ, ಮಗಳ ಬಾಣಂತನ ಮುಗಿಯಲಿ, ಎಲ್ಲ ಮುಗಿಯಲಿ. ಬಿಡಿಸಿಕೊಂಡು ಮತ್ತೆ ಅದೇ ಬೆರಳು ಕೊಟ್ಟೆ.

“ಜ್ವಾಳ ಈ ಸಲ ಛಲೋ ಬಂದಾವ,” ಎಂದಳು ಅಕ್ಕ ಎಲ್ಲರಿಗೂ ಕೇಳುವಂತೆ. ಒಳಗೆ ಅವಳ ಬೆರಳುಗಳು ನಡುಗುತ್ತಿದ್ದವು. ಮುಖದಲ್ಲಿ ಹಟ, ಬೆರಳಿನಲ್ಲಿ ಹೆದರಿಕೆ. ಇಷ್ಟು ದಿನ ನಾನು ಮುಖದೊಡನೆ ವಾದಿಸುತ್ತಿದ್ದೆ. ಜನ್ಮದಲ್ಲಿ ಮೊದಲ ಸಲ ಚೌಕಾಸಿ ಬಿಟ್ಟು, ಸುಮ್ಮನೆ ಕೈಯಲ್ಲಿ ಕೈ ಇಟ್ಟುಕೊಂಡು ಕೂತೆ.

“ಕಡುಬು ಮಾಡೇನಿ, ಉಂಡ ಹೋಗು,” ಎಂದಳು ಕಡೆಗೆ. ಹಾಗೆನ್ನುತ್ತ ನನ್ನ ಆ ಒಂದು ಬೆರಳನ್ನು ಗಟ್ಟಿಯಾಗಿ ಹಿಡಿದಳು. ಹಿಡಿದು, ಜೋರಾಗಿ ಚಿವುಟಿದಳು. ಚಿವುಟಿದ್ದಕ್ಕೆ ನಮ್ಮ ಪೇಟೆಯಲ್ಲಿ ಅರ್ಥವಿಲ್ಲ. ನನ್ನ ದಲಾಲಿ ಎಂದುಕೊಂಡೆ.

ಡಾಕ್ಟರಿಗೆ ಕೊಟ್ಟ ಸಲಹೆಯನ್ನು ಈಗ ಕೊಂಚ ತಿದ್ದಬೇಕಾಗಿದೆ. ಟುವಾಲು ಕಿತ್ತೊಗೆಯಲು ಅವಸರ ಬೇಡ. ಮೊದಲು ಅದರ ಕೆಳಗೆ ಕೈಯಿಟ್ಟು, ಒಳಗೆ ಯಾವ ಬೆರಳು ಏನು ಹೇಳುತ್ತಿದೆ ಎಂದು ತಿಳಿದುಕೊಳ್ಳಿ. ಮಾತು ತಿಳಿದರೆ ಅರ್ಧ ವ್ಯಾಪಾರ ಮುಗಿದಂತೆ.

ಆ ವಾರದೊಳಗೇ ಅಕ್ಕನ ಆಪರೇಷನ್ ಆಯಿತು. ಮೊನ್ನೆ ಈ ಸಲದ ಹತ್ತಿಗೆ ಹೋಗಿದ್ದೆ. ಅಕ್ಕ ತಾನೇ ಟುವಾಲು ಹೊದಿಸಿ, ಬಾಯಲ್ಲಿ ಮಳೆಯ ಮಾತಾಡುತ್ತ, ಒಳಗೆ ಬಾಯಿ ಬಡಿದುಕೊಳ್ಳುವಂಥ ದರ ಹಿಡಿದಳು. ಆ ದರಕ್ಕೇ ಒಪ್ಪಿಕೊಂಡೆ. ಬೆರಳು ಒಂದಿಷ್ಟೂ ನಡುಗುತ್ತಿರಲಿಲ್ಲ.