ನಡುಮನೆಗೆ ಬಂದ ಅಣ್ಣ

ಹೊಂಗನೂರಿನ ಮನೋಹರ ರೇಷ್ಮೆ ಹುಳ ಸಾಕುವುದರಲ್ಲಿ ಗಟ್ಟಿಗ. ಹುಳುವಿಗೆ ಸೊಪ್ಪು ಹಾಕುವ ಹೊತ್ತನ್ನು ಎಂದೂ ತಪ್ಪಿಸಿದವನಲ್ಲ. ಮದುವೆಯ ವಯಸ್ಸು ಮಾತ್ರ ತಾನಾಗಿಯೇ ತಪ್ಪಿಹೋಗಿತ್ತು. ಬೇಸಾಯಗಾರನಿಗೆ ಹೆಣ್ಣು ಕೊಡುವವರಿಲ್ಲವೆಂದು ತಾಯಿ ಬೈರಮ್ಮ ಕೊರಗುತ್ತಿದ್ದರು. ಮನೋಹರ ಕೊರಗುತ್ತಿದ್ದುದು ಒಬ್ಬ ಸಿನಿಮಾ ನಟನ ಹೊಸ ಚಿತ್ರ ತಡವಾದಾಗ ಮಾತ್ರ. ಆ ನಟನ ಹೆಸರನ್ನು ಬಾಯಿಬಿಟ್ಟು ಹೇಳುವುದೂ ಅವನಿಗೆ ಅಪಚಾರ. ಅಣ್ಣ ಅಂದರೆ ಅವರೇ.

ಬೆಂಗಳೂರಿನ ಹೆಸರಾಂತ ಫೋಟೋಗ್ರಾಫರೊಬ್ಬರು ಅಣ್ಣನ ಭಾವಚಿತ್ರವನ್ನು ಇಪ್ಪತ್ತೈದೇ ಪ್ರತಿ ಮಾಡಿಸಿ, ಪ್ರತಿಯೊಂದಕ್ಕೂ ತಮ್ಮ ರುಜು ಹಾಕಿ ಮಾರುತ್ತಾರೆಂದು ತಿಳಿದದ್ದೇ ತಡ, ಮನೋಹರ ಒಂದು ಬೆಳೆಯ ರೇಷ್ಮೆಗೂಡು ಮಾರಿದ ದುಡ್ಡನ್ನೆಲ್ಲ ಅಲ್ಲಿ ಸುರಿದು ಬಂದ. ಪಟವೇನೋ ಕಲೆಗಾರಿಕೆಯದು. ಕಪ್ಪು ಬಿಳುಪು. ಅಣ್ಣನಿಗೆ ಮೇಕಪ್ಪಿಲ್ಲ, ವಿಗ್ಗಿಲ್ಲ. ಬೋಳುತಲೆ, ಕುರುಚಲು ಗಡ್ಡ, ಹೆಗಲ ಮೇಲೊಂದು ಟವೆಲ್ಲು. ಗೆಳೆಯ ಪುನೀತ್ ನೋಡಿ, "ಯಾರ್ಲಾ ಇದು, ನಿಮ್ ಸೋದರಮಾವ್ನಾ?" ಅಂದ. ಮನೋಹರ ಅವನೊಡನೆ ಮಾತು ಬಿಟ್ಟು, ಪಟವನ್ನು ನಡುಮನೆಯ ಗೋಡೆಗೆ ತೂಗುಹಾಕಿದ.

ಅಷ್ಟರಲ್ಲಿ ಮರಳವಾಡಿಯ ಸಿರಿ ಎಂಬ ಹುಡುಗಿಯ ಸಂಬಂಧ ಬಂತು. ಮೊಬೈಲಿನಲ್ಲಿ ಅವಳ ಫೋಟೋ ನೋಡಿದ ಮೇಲೆ ಮನೋಹರನಿಗೂ ಊಟ ಸೇರಲಿಲ್ಲ. ಇದೊಂದು ಕೂಡಿಬಂದರೆ ಸಾಕು ಎಂದು ಮೊದಲ ಸಲ ಅಣ್ಣನಿಗಲ್ಲದೆ ದೇವರಿಗೆ ಕೈಮುಗಿದ. ಗಂಡಿನ ಮನೆ ನೋಡಲು ಸಿರಿಯೂ ಅವಳ ತಂದೆ ಹನುಮಂತಯ್ಯನವರೂ ಬರುವುದೆಂದಾಯಿತು.

ಅವರನ್ನು ಬಸ್‌ಸ್ಟ್ಯಾಂಡಿನಿಂದ ಕರೆದುಕೊಂಡು ಒಳಗೆ ಕಾಲಿಟ್ಟ ಮನೋಹರ ಹೊಸ್ತಿಲಲ್ಲೇ ನಿಂತುಬಿಟ್ಟ. ನಡುಮನೆಯ ಗೋಡೆಯಲ್ಲಿ ಅಣ್ಣನ ಕೊರಳಿಗೆ ಗಂಧದ ಹಾರ, ಹಣೆಗೆ ಕುಂಕುಮ, ಮುಂದೆ ಊದುಬತ್ತಿ. ಬಣ್ಣವಿಲ್ಲದ ದೊಡ್ಡ ಪಟವೆಂದರೆ ಬೈರಮ್ಮನ ಲೆಕ್ಕದಲ್ಲಿ ತೀರಿಕೊಂಡವರದು. ಹಾರ ಹಾಕದೆ ಬಿಟ್ಟರೆ ನೆಂಟರು ಏನೆಂದುಕೊಂಡಾರು ಎಂದು ಆಕೆ ಹಾಕಿಬಿಟ್ಟಿದ್ದರು.

ಹನುಮಂತಯ್ಯ ಚಪ್ಪಲಿ ಬಿಟ್ಟು ಬಂದವರೇ ಪಟಕ್ಕೆ ಕೈಮುಗಿದರು. "ನಿಮ್ ಯಜಮಾನ್ರಾ ಅಕ್ಕಾ? ಒಳ್ಳೆ ಲಕ್ಷಣವಾಗವ್ರೆ. ಹೋಗಿ ಎಷ್ಟೊರ್ಸಾಯ್ತು?"

ಬೈರಮ್ಮ ಸೆರಗು ಬಾಯಿಗಿಟ್ಟುಕೊಂಡು ಸುಮ್ಮನಾದರು. ಒಳ್ಳೆ ಲಕ್ಷಣದ ಹಿರಿಯರೊಬ್ಬರು ಮನೆಯಲ್ಲಿದ್ದರೆಂದು ಬೀಗರು ತಿಳಿದರೆ ನಷ್ಟವೇನು? ಮನೋಹರನೂ ಸುಮ್ಮನಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಅಣ್ಣ ಸತ್ತರೆಂಬ ಮಾತಿಗೆ ಹೂಂಗುಟ್ಟಲು ಅವನ ನಾಲಿಗೆ ಏಳಲಿಲ್ಲ.

"ಅವ್ರು ಬದುಕವ್ರೆ. ಬೆಂಗ್ಳೂರಲ್ಲವ್ರೆ."

ಹನುಮಂತಯ್ಯ ಕಾಫಿ ಲೋಟ ಕೆಳಗಿಟ್ಟರು. "ಹೆಂಡ್ತಿ ಇಲ್ಲಿ, ಅವ್ರು ಬೆಂಗ್ಳೂರಲ್ಲಿ? ಮಗನ್ ಮದ್ವೆ ಮಾತಿಗೂ ಬರಾಕಿಲ್ವಾ?"

"ಅವ್ರಿಗೆ ಶೂಟಿಂಗ್ ಐತೆ," ಅಂದ ಮನೋಹರ.

ಬೈರಮ್ಮನಿಗೆ ಈಗ ತಡೆಯಲಾಗಲಿಲ್ಲ. "ಲೇ, ನನ್ ಮರ್ಯಾದೆ ಕಳೀಬ್ಯಾಡ ಕಣ್ಲಾ. ಅದ್ಯಾರೋ ಸಿನ್ಮಾದವ್ನು ಅಂತ ಯೋಳ್ಲಾ!"

ಮನೋಹರ ಇದ್ದದ್ದನ್ನೆಲ್ಲ ಹೇಳಿದ. ಹನುಮಂತಯ್ಯ ಕನ್ನಡಕ ಹಾಕಿಕೊಂಡು ಪಟದ ಕೆಳಗಿನ ರುಜು ಓದಿದರು. "ಇಲ್ಲಿ ಬ್ಯಾರೆ ಹೆಸ್ರೈತಲ್ಲಪ್ಪ."

"ಅದು ಫೋಟೋ ತೆಗ್ದೋರ್ದು ಸಾರ್."

"ನಮ್ ಕಡೆ ಪಟದ್ ಕೆಳ್ಗೆ ಪಟದಲ್ಲಿರೋರ್ ಹೆಸ್ರು ಬರೀತಾರೆ," ಎಂದು ಅವರು ಎದ್ದು ನಿಂತರು. ಸಂಬಂಧ ಮುರಿಯಿತೆಂದುಕೊಂಡ ಮನೋಹರ.

ಸಿರಿ ಮಾತ್ರ ಕೂತೇ ಇದ್ದಳು. "ನಿಮ್ಮಪ್ಪಾರ ಫೋಟೋ ಎಲ್ಲೈತೆ?"

ಅವನು ಬೀರು ತಡಕಾಡಿ ಯಾರದೋ ಮದುವೆಯ ಸಣ್ಣ ಫೋಟೋ ತಂದ. ಪಂಕ್ತಿಯಲ್ಲಿ ಬಡಿಸುತ್ತಿದ್ದ ಅಪ್ಪನ ಕೈಯ ಸಾರಿನ ಬಕೆಟ್ಟು ಚೆನ್ನಾಗಿ ಬಂದಿತ್ತು, ಮುಖ ಅರ್ಧ. ಅಪ್ಪ ತೀರಿಕೊಂಡಾಗ, ದೊಡ್ಡದು ಮಾಡಿಸುತ್ತೇನೆಂದು ಅವನು ಅಮ್ಮನಿಗೆ ಹೇಳಿ ಎಷ್ಟೋ ವರ್ಷವಾಗಿತ್ತು. ನಾಚಿಕೆಯಿಂದ ಅವನ ತಲೆ ತಗ್ಗಿತು.

ಸಿರಿ ಅದನ್ನು ನೋಡಿ ತಂದೆಯ ಕಡೆ ತಿರುಗಿದಳು. "ನಂಗೊಪ್ಗೆ ಕಣಪ್ಪ. ಇವ್ರು ಸಂಬಂಧ ಹೋದ್ರೂ ಚಿಂತೆಯಿಲ್ಲ ಅಂತ ಯಾರೋ ದೂರ್ದೋರ್ ಸಲ್ವಾಗಿ ಸುಳ್ಳಾಡ್ನಿಲ್ಲ. ಅಂಥೋರು ಕೈಹಿಡ್ದೋಳ್ಗೆ ಮೋಸ ಮಾಡಾಕಿಲ್ಲ." ಆಮೇಲೆ ಮನೋಹರನಿಗೆ ಹೇಳಿದಳು: "ನಡುಮನೇಲಿ ನಿಮ್ಮಪ್ಪಾರು ಇರ್ಲಿ. ಆವಯ್ಯನ್ನ ಇನ್ನೆಲ್ಲಾದ್ರೂ ಇಡಿ."

ಅಣ್ಣನನ್ನು ಬೇರೆ ಯಾರಾದರೂ 'ಆವಯ್ಯ' ಅಂದಿದ್ದರೆ ಮನೋಹರ ಜಗಳಕ್ಕೇ ನಿಲ್ಲುತ್ತಿದ್ದ. ಅವತ್ತು ಸಂಜೆ ತಾನೇ ಪಟ ಇಳಿಸಿ ಹುಳದ ಮನೆಗೆ ಹೊತ್ತುಕೊಂಡು ಹೋದ. ಬೇಜಾರಾಗಬೇಕಿತ್ತು, ಆಗಲೇ ಇಲ್ಲ.