ಮಾವನ ತಟ್ಟೆಯ ತುಪ್ಪ

ನಾನು ಸೊಸೆಯಾಗಿ ಆದೋನಿಯ ಆ ಮನೆಗೆ ಬಂದಾಗ ಮಾವನಿಗೆ ಸಕ್ಕರೆ ಕಾಯಿಲೆ ಇರುವುದು ಮದುವೆ ಮಾಡಿಸಿದವರಿಗೆಲ್ಲ ಗೊತ್ತಿತ್ತು, ನನಗೊಬ್ಬಳಿಗೆ ಗೊತ್ತಿರಲಿಲ್ಲ. ಅತ್ತೆ ಅಷ್ಟರಲ್ಲಿ ತೀರಿಕೊಂಡಿದ್ದರು. ಮನೆಯಲ್ಲಿ ಇದ್ದವರು ಮೂವರೇ: ಮಾವ, ಹತ್ತಿ ಮಿಲ್ಲಿಗೆ ಕೆಲಸಕ್ಕೆ ಹೋಗುವ ನನ್ನ ಗಂಡ, ನಾನು.

ಮಾವನ ಎದುರು ಸೊಸೆ ಮಾತಾಡುವ ಪದ್ಧತಿ ನಮ್ಮಲ್ಲಿ ಇರಲಿಲ್ಲ. ಏನಿದ್ದರೂ ಗಂಡನ ಮೂಲಕ ಹೇಳಬೇಕು, ಗಂಡನ ಮೂಲಕ ಕೇಳಬೇಕು. ಆದರೆ ಪಥ್ಯದ ಅಡುಗೆ ಮಾತ್ರ ನನ್ನ ತಲೆಗೆ ಬಿತ್ತು. ಊರಿನ ಡಾಕ್ಟರು ಹೇಳಿದ್ದು ಸರಳವಾಗಿತ್ತು. ಅನ್ನ, ಬೆಲ್ಲ ಮುಟ್ಟಬಾರದು. ಜೋಳದ ರೊಟ್ಟಿ ಹೊತ್ತಿಗೆ ಅರ್ಧ ಮಾತ್ರ. ಹಸಿವಾದರೆ ತುಪ್ಪ, ಮೊಟ್ಟೆ, ಮಾಂಸ, ಸೊಪ್ಪು ಬೇಕಾದಷ್ಟು ತಿನ್ನಲಿ. ಪೆದ್ದಹರಿವಾಣದ ಹಳ್ಳಿಯಲ್ಲಿ ಬೇಸಾಯ ಮಾಡಿದ ಮನುಷ್ಯನಿಗೆ ಅರ್ಧ ರೊಟ್ಟಿ ಎಲ್ಲಿ ಸಾಕಾದೀತು? ಎಮ್ಮೆ ಮನೆಯಲ್ಲೇ ಇತ್ತು. ರೊಟ್ಟಿ ಮುಳುಗುವಷ್ಟು ತುಪ್ಪ ಹಾಕುತ್ತಿದ್ದೆ. ಅವರು ತೃಪ್ತಿಯಿಂದ ಉಣ್ಣುವುದನ್ನು ಬಾಗಿಲ ಮರೆಯಿಂದ ನೋಡಿ ನನಗೂ ಹೆಮ್ಮೆಯಾಗುತ್ತಿತ್ತು.

ಮೂತ್ರ ಪರೀಕ್ಷೆಯೂ ಮನೆಯಲ್ಲೇ. ಗಾಜಿನ ನಳಿಕೆಗೆ ನೀಲಿ ಔಷಧಿ ಹಾಕಿ, ಎಂಟು ಹನಿ ಮೂತ್ರ ಬಿಟ್ಟು ಕುದಿಸಬೇಕು. ನೀಲಿಯಾಗಿಯೇ ಉಳಿದರೆ ಸಕ್ಕರೆ ಇಲ್ಲ, ಇಟ್ಟಿಗೆ ಬಣ್ಣಕ್ಕೆ ತಿರುಗಿದರೆ ಗಂಡಾಂತರ. ಮಾವ ನಾಚಿಕೆಯಿಂದ ಬಚ್ಚಲ ಗೋಡೆಯ ಹಿಂದೆ ಸೀಸೆ ಇಟ್ಟು ಹೊರಟುಹೋಗುತ್ತಿದ್ದರು. ನಾನು ಏನೂ ಕಾಣದವಳ ಹಾಗೆ ಹೋಗಿ ತರುತ್ತಿದ್ದೆ. ನಾಲ್ಕು ವರ್ಷ, ಹೆಚ್ಚುಕಡಿಮೆ ಯಾವಾಗಲೂ ನೀಲಿ. ಅದನ್ನು ನನ್ನ ಕೈಗುಣ ಎಂದೇ ತಿಳಿದಿದ್ದೆ.

ಆಮೇಲೆ ಮಾವನಿಗೆ ಸಂತೆಗೆ ನಡೆದು ಹೋಗಿ ಬರುವಾಗ ಎದೆ ಹಿಡಿದುಕೊಳ್ಳತೊಡಗಿತು. ಗಂಡ ಅವರನ್ನು ಬಳ್ಳಾರಿಯ ದೊಡ್ಡ ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ಮರುದಿನ ಬಂದವನು ಅಡುಗೆಮನೆಗೆ ಬಂದು ನಿಂತು, "ರಕ್ತದಾಗ ಕೊಬ್ಬು ಹೆಚ್ಚಾಗೈತಂತ. ಕೊಲೆಸ್ಟರಾಲ್ ಅಂದ್ರು. ಹೃದಯಕ್ಕ ಹೋಗೋ ನರ ಕಟ್ಕೊಂತಾವಂತ. ತುಪ್ಪ, ಮೊಟ್ಟಿ, ಮಾಂಸ ಎಲ್ಲಾ ಬಂದ್" ಎಂದ.

"ನಳಿಕಿ ನೀಲಿನೇ ಐತಲ್ರಿ" ಎಂದೆ.

"ಅದು ಸಕ್ಕರಿ ಲೆಕ್ಕ. ಇದು ಬ್ಯಾರೆ."

"ಇದಕ್ಕ ಯಾವ ಬಣ್ಣ ಬರ್ತೈತಿ?"

"ಇದಕ್ಕ ಬಣ್ಣ ಇಲ್ಲ."

ನನಗೆ ತಲೆ ಕೆಟ್ಟುಹೋಯಿತು. ಮದ್ರಾಸು ರಾಜ್ಯ ಒಡೆದಾಗ ಬಳ್ಳಾರಿ ಮೈಸೂರಿಗೆ ಸೇರಿ ನಾವು ಆಂಧ್ರದಲ್ಲೇ ಉಳಿದಿದ್ದೆವು. ರಾಜ್ಯ ಬೇರೆಯಾದ ಮೇಲೆ ಪಥ್ಯವೂ ಬೇರೆಯಾಯಿತೇ ಎಂದು ಗಂಡನ ಮೇಲೆ ರೇಗಿದೆ. ಅವನು ಅಂಗಿ ತೊಟ್ಟು ಮಿಲ್ಲಿಗೆ ಹೊರಟುಹೋದ. ಗಂಡಸರಿಗೆ ಅದೊಂದು ಅನುಕೂಲ.

ನಾನು ಒಲೆಯ ಮುಂದೆ ಕುಳಿತೆ. ರೊಟ್ಟಿ ಹೆಚ್ಚಿಸಿದರೆ ಸಕ್ಕರೆ, ತುಪ್ಪ ಹಾಕಿದರೆ ಎದೆ. ಎರಡನ್ನೂ ತೆಗೆದರೆ ಪುಂಡಿಪಲ್ಯದ ಹುಳಿಸೊಪ್ಪು ಮತ್ತು ಬೆಣ್ಣೆ ತೆಗೆದ ಮಜ್ಜಿಗೆ ಉಳಿಯುತ್ತಿತ್ತು. ಅಷ್ಟರಲ್ಲಿ ಒಬ್ಬ ಮನುಷ್ಯ ಎಷ್ಟು ದಿನ ಬದುಕಿಯಾನು? ಮೊದಲನೆಯ ಡಾಕ್ಟರು ಸುಳ್ಳೋ, ಎರಡನೆಯವರು ಸುಳ್ಳೋ, ಇಬ್ಬರೂ ನಿಜವೋ? ಇಬ್ಬರೂ ನಿಜವಾದರೆ ನಾಲ್ಕು ವರ್ಷ ನಾನು ಮಾಡಿದ್ದೇನು? ಹೆದರಿಕೆಯಾಯಿತು.

ಮಧ್ಯಾಹ್ನ ಮಾವ ಊಟಕ್ಕೆ ಕುಳಿತರು. ಗಂಡ ಮನೆಯಲ್ಲಿರಲಿಲ್ಲ. ಅರ್ಧ ರೊಟ್ಟಿ, ಪುಂಡಿಪಲ್ಯ, ಮಜ್ಜಿಗೆ ಬಡಿಸಿ ಒಳಗೆ ಬಂದೆ. ಅವರು ಕೈ ಹಚ್ಚಲಿಲ್ಲ. ದಿನದ ಹಾಗೆ ತುಪ್ಪಕ್ಕೆ ಕಾಯುತ್ತಿದ್ದರು. ಕಾದು ಕಾದು ಒಮ್ಮೆ ಕೆಮ್ಮಿದರು. ನಡುವೆ ಮಾತು ಸಾಗಿಸುವವರು ಯಾರೂ ಇರಲಿಲ್ಲ. ಬಾಗಿಲ ಮರೆಯಲ್ಲಿ ನಿಂತು, "ತುಪ್ಪ ಹಾಕೋದಿಲ್ರಿ ಮಾವ. ಬ್ಯಾಡ ಅಂದಾರ" ಎಂದೆ. ನನ್ನ ದನಿ ನನಗೇ ದೊಡ್ಡದಾಗಿ ಕೇಳಿಸಿತು.

ಅವರು ಸಿಟ್ಟಾಗಲಿಲ್ಲ. ತಟ್ಟೆಯನ್ನೇ ನೋಡುತ್ತ, "ಹಂಗಾರ ಇಷ್ಟು ದಿನ ಯಾಕ ಹಾಕಿದೆವ್ವ?" ಎಂದರು.

"ಡಾಕ್ಟರು ಹಾಕು ಅಂದಿದ್ರು ರೀ."

"ಈಗ ಬ್ಯಾಡ ಅಂದಾವ್ನೂ ಡಾಕ್ಟರೇ." ತಟ್ಟೆಯಿಂದ ತಲೆ ಎತ್ತಿ ಬಾಗಿಲ ಕಡೆ ತಿರುಗಿದರು. "ನೀ ಅಡಿಗಿ ಮಾಡಾಕಿ. ನಿನಗ ಏನು ಅನಸ್ತೈತಿ?"

ಆ ಮನೆಗೆ ಬಂದ ಮೇಲೆ ನನಗೆ ಏನು ಅನ್ನಿಸುತ್ತದೆ ಎಂದು ಯಾರೂ ಕೇಳಿರಲಿಲ್ಲ. ಕೇಳಲಿ ಎಂದು ಎಷ್ಟು ಸಲ ಒಳಗೊಳಗೇ ಕುದ್ದಿದ್ದೆನೋ. ಈಗ ಕೇಳಿದ್ದು ಮಾತ್ರ ಅವರ ಜೀವದ ಪ್ರಶ್ನೆ.

"ನನಗ ಗೊತ್ತಿಲ್ರಿ ಮಾವ" ಎಂದೆ. ಅಳು ಬಂತು.

"ನನಗೂ ಗೊತ್ತಿಲ್ಲವ್ವ" ಎಂದು ಮಾವ ಒಣ ರೊಟ್ಟಿಯನ್ನು ಮುರಿದು ಬಾಯಿಗಿಟ್ಟುಕೊಂಡರು.