ಯಾರ್ಡಿಗೆ ಹೋದ ಪದಬಂಧ

ಆಗೆಲ್ಲ ಡೊಂಬಿವಲಿಯವರು ಗಾಡಿಯಲ್ಲಿ ಕೂತು ಮುಂದೆ ಹೋಗಬೇಕೆಂದರೆ ಮೊದಲು ಹಿಂದಕ್ಕೆ ಹೋಗಬೇಕಿತ್ತು. ಠಾಣೆಗೆ ಹೋಗುವವರು ಉಲ್ಟಾ ದಿಕ್ಕಿನ ಲೋಕಲ್ ಹತ್ತಿ ಕಲ್ಯಾಣಕ್ಕೆ ಹೋಗುವುದು, ಅಲ್ಲಿ ಎಲ್ಲರೂ ಇಳಿದ ಮೇಲೆ ಕಿಟಕಿ ಪಕ್ಕ ಜಾಗ ಹಿಡಿಯುವುದು, ಅದೇ ಗಾಡಿ ತಿರುಗಿ ಹೊರಟಾಗ ಡೊಂಬಿವಲಿ ಪ್ಲಾಟ್‌ಫಾರ್ಮಿನಲ್ಲಿ ನೂಕಾಡುವವರನ್ನು ಮಹಾರಾಣಿಯ ಹಾಗೆ ನೋಡುತ್ತ ಸಾಗುವುದು. ಈಗಿನ ಹುಡುಗರಿಗೆ ಹೇಳಿದರೆ ನಗುತ್ತಾರೆ. ನಗಲಿ. ನನ್ನ ಬಾಲ್ಯದ ಅತಿ ದೊಡ್ಡ ಅಚ್ಚರಿ ಈ ಉಲ್ಟಾ ಪ್ರಯಾಣದಿಂದಲೇ ಹುಟ್ಟಿತು.

ನಾವು ಉಡುಪಿ ಕಡೆಯವರು. ಅಪ್ಪ ಸ್ಟೇಷನ್ ಹತ್ತಿರದ ವೆಜ್ ಹೋಟೆಲಿನಲ್ಲಿ ಮ್ಯಾನೇಜರ್. ಅಪ್ಪನ ಅಕ್ಕ ಸುಮತಿ ಅತ್ತೆ ನಮ್ಮ ಜೊತೆಗೇ ಇದ್ದರು. ಮದುವೆ ಆಗಿರಲಿಲ್ಲ. ರಬಾಳೆಯ ಒಂದು ಫ್ಯಾಕ್ಟರಿಯಲ್ಲಿ ಲೆಕ್ಕಪತ್ರ ನೋಡುವ ಕೆಲಸ. ಅದು ಹೊಟ್ಟೆಗೆ. ಜೀವಕ್ಕೆ ಇದ್ದದ್ದು ಪದಬಂಧ.

ಅತ್ತೆಯ ಪದಬಂಧದಿಂದ ನಮ್ಮ ಮನೆಯಲ್ಲಿ ಆದ ಅನಾಹುತ ಒಂದೆರಡಲ್ಲ. ಹಾಲು ಉಕ್ಕುವುದು ದಿನನಿತ್ಯದ ಪಾಡು. ಸಾಂಬಾರಿಗೆ ಒಮ್ಮೆ ಉಪ್ಪು ಹಾಕಿ, 'ಎಡದಿಂದ ಬಲಕ್ಕೆ' ಮುಗಿಸಿ ಬಂದು, ಮತ್ತೊಮ್ಮೆ ಹಾಕುತ್ತಿದ್ದರು. ಕಾಗದ ಮುಗಿದ ಒಂದು ದಿನ ಬಾಗಿಲ ಮುಂದೆ ಸೀಮೆಸುಣ್ಣದಲ್ಲಿ ದೊಡ್ಡದಾಗಿ ಪದಬಂಧದ ಮನೆಗಳನ್ನು ಎಳೆದು, ಕಪ್ಪು ಮನೆಗಳಿಗೆ ಇದ್ದಿಲು ಬಳಿದು, ಒಳಗೆ ಚಹಾ ಕುಡಿಯಲಿಕ್ಕೆ ಬಂದಿದ್ದಾರೆ. ನಾವೆಲ್ಲ ಕಾಕು ಅನ್ನುತ್ತಿದ್ದ ಎದುರು ಮನೆಯ ಮರಾಠಿ ಹೆಂಗಸು ಅದು ನಮ್ಮೂರಿನ ಯಾವುದೋ ದೇವರ ರಂಗೋಲಿ ಅಂದುಕೊಂಡು, ನಡುವಿಗೆ ಅರಿಶಿನ ಕುಂಕುಮ ಇಟ್ಟು ಕೈ ಮುಗಿದು ಹೋಗಿದ್ದರು. ಅಮ್ಮ ನಕ್ಕು ನಕ್ಕು ಸುಸ್ತಾದರು. ಅತ್ತೆ ಮಾತ್ರ ಗಂಭೀರವಾಗಿ, "ಸರಿಯೇ ಮಾಡಿದ್ದಾರೆ" ಅಂದರು.

ನಾನು ಕನ್ನಡ ಕಲಿತದ್ದು ಆ ಬಾಗಿಲ ಮುಂದೆಯೇ. ಶಾಲೆಯಲ್ಲಿ ಇಂಗ್ಲಿಷು, ಮರಾಠಿ. ತಮ್ಮನಂತೂ ಅಮ್ಮ ಕನ್ನಡದಲ್ಲಿ ಕರೆದರೆ ಹಿಂದಿಯಲ್ಲಿ ಓಗೊಡುತ್ತಿದ್ದ. ನಾನು ಮಾತ್ರ ಅತ್ತೆ ಮತ್ತೆ ಮತ್ತೆ ಎಳೆದ ಮನೆಗಳಲ್ಲಿ ಕುಂಟೆಬಿಲ್ಲೆಯ ಹಾಗೆ ಕುಂಟುತ್ತ, ಒಂದೊಂದು ಮನೆಗೆ ಒಂದೊಂದು ಅಕ್ಷರ ಕೂಗುತ್ತ, ಓದು ಕಲಿತೆ.

ನಾನು ಐದನೇ ಕ್ಲಾಸು ಮುಗಿಸಿದ ಬೇಸಿಗೆ ರಜೆ. ನಮ್ಮ ಕಡೆ ಬರುತ್ತಿದ್ದ ಕನ್ನಡ ಪತ್ರಿಕೆಯಲ್ಲಿ ಭಾನುವಾರದ ಪದಬಂಧ ಮಾಡುತ್ತಿದ್ದ ಹಿರಿಯರು ವಯಸ್ಸಾಯಿತೆಂದು ಬಿಟ್ಟರು. ಎಷ್ಟೋ ವರ್ಷದಿಂದ ಸರಿಯುತ್ತರ ಕಳಿಸುತ್ತಿದ್ದ ಅತ್ತೆಗೆ ಸಂಪಾದಕರು ಫೋನು ಮಾಡಿದರು. "ನೀವಽ ಒಂದು ಮಾಡಿಕೊಂಡು ಬರ್ರಿ. ಶನಿವಾರ ಒಂದು ಗಂಟೆ ಒಳಗ. ಛಲೋ ಇದ್ರ ಪ್ರತಿ ವಾರ ನಿಮ್ಮದಽ. ಇಲ್ಲಾಂದ್ರ ಇನ್ನೊಬ್ಬರು ಕಾಯಾಕತ್ಯಾರ."

ಅವತ್ತಿನಿಂದ ಅತ್ತೆಗೆ ನೆಲ ಕಾಣಲಿಲ್ಲ. ಪದಬಂಧದ ತಲೆಯ ಮೇಲೆ 'ರಚನೆ: ಸುಮತಿ' ಅಂತ ಅಚ್ಚಾಗಬೇಕು. ಅಷ್ಟೇ ಆಸೆ. ಲಗ್ನಪತ್ರಿಕೆಯಲ್ಲೂ ಹೆಸರು ಬರದ ಹೆಂಗಸಿಗೆ ಅದು ಸಣ್ಣ ಆಸೆ ಅಲ್ಲ ಅಂತ ನನಗೆ ಈಗ ಗೊತ್ತಾಗುತ್ತದೆ.

ಶನಿವಾರ ಬೆಳಿಗ್ಗೆಗೆ ಎಲ್ಲ ತುಂಬಿತ್ತು, ಕೆಳಗಿನ ಬಲ ಮೂಲೆ ಒಂದನ್ನು ಬಿಟ್ಟು. ಅಲ್ಲಿ ಅತ್ತೆ ಪತ್ರೊಡೆಯನ್ನು ಕೂರಿಸಿದ್ದರು. ಅಜ್ಜಿ ಮಾಡುತ್ತಿದ್ದ ಪತ್ರೊಡೆ ತನ್ನ ಮೊದಲ ಪದಬಂಧದಲ್ಲಿ ಇರಲೇಬೇಕು ಅಂತ ಹಟ. ಆದರೆ ಪತ್ರೊಡೆಗೆ ತಾಗಿ ಮೇಲಿಂದ ಕೆಳಕ್ಕೆ ಯಾವ ಪದವೂ ಕೂರಲೊಲ್ಲದು. ನಿಘಂಟು ತಿರುವಿದರು, ಅಪ್ಪನನ್ನು ಕೇಳಿದರು, ಕಡೆಗೆ ಹೂವಿನವಳನ್ನೂ ಬಿಡಲಿಲ್ಲ.

"ಅದನ್ನು ತೆಗೆದುಬಿಡು ಅಕ್ಕಾ. ಕೆಸುವಿನ ಎಲೆ ಒಂದಕ್ಕೆ ಯಾಕಿಷ್ಟು ಒದ್ದಾಟ?" ಅಂದರು ಅಪ್ಪ.

"ನಿನ್ನ ಹೋಟೆಲಿನ ಮೆನುವಿನಿಂದ ಇಡ್ಲಿ ತೆಗಿ, ಆಮೇಲೆ ನಾನು ತೆಗೀತೇನೆ" ಅಂದರು ಅತ್ತೆ.

ನನ್ನನ್ನು ಕರೆದುಕೊಂಡು ಠಾಣೆಯ ಪತ್ರಿಕೆ ಆಫೀಸಿಗೆ ಹೊರಟರು. ದಾರಿಯಲ್ಲೇ ಮೂಲೆ ತುಂಬಿಸುವ ಯೋಚನೆ. ಅದಕ್ಕೆ ಕೂರಬೇಕು, ಕೂರಬೇಕೆಂದರೆ ಕಲ್ಯಾಣಕ್ಕೆ ಹೋಗಬೇಕು. ಹೋದೆವು. ಕಲ್ಯಾಣದಲ್ಲಿ ಲೇಡೀಸ್ ಡಬ್ಬದ ಹೆಂಗಸರೆಲ್ಲ ದಡಬಡ ಇಳಿದರು. ನಾವು ಕಿಟಕಿ ಹಿಡಿದೆವು. ಅತ್ತೆ ಪೆನ್ಸಿಲು ಕಚ್ಚಿಕೊಂಡು ಕಾಗದಕ್ಕೆ ಬಗ್ಗಿದರು. ಸ್ಪೀಕರಿನಲ್ಲಿ ಮರಾಠಿಯಲ್ಲಿ ಏನೋ ಹೇಳುತ್ತಿದ್ದರು. ನಾನು ಚಕ್ಕುಲಿ ಕುರುಕುರು ಅನ್ನಿಸುತ್ತ ಕೂತಿದ್ದೆ. ಗಾಡಿ ಹೊರಟಿತು.

"ಅತ್ತೆ, ಗಾಡಿ ಆ ಕಡೆ ಹೋಗ್ತಾ ಉಂಟು."

"ಹೋಗ್ಲಿ ಮಾರಾಯ್ತಿ, ಸ್ವಲ್ಪ ಸುಮ್ಮನಿರು."

ಪ್ಲಾಟ್‌ಫಾರ್ಮು ಮುಗಿಯಿತು. ಹಳಿಗಳು ಎರಡಿದ್ದದ್ದು ನಾಲ್ಕಾದವು, ಆಮೇಲೆ ಎಣಿಸಲಾಗದಷ್ಟಾದವು. ಗಾಡಿ ನಿಧಾನವಾಯಿತು, ನಿಂತಿತು. ಮೇಲೆ ಫ್ಯಾನುಗಳು ಗರ್ ಅನ್ನುತ್ತ ನಿಂತುಹೋದವು. ಆಗ ಅತ್ತೆ ತಲೆ ಎತ್ತಿದರು.

"ಅಯ್ಯೋ ದೇವರೇ! ಯಾರ್ಡು!"

ಗಾಡಿ ತಿರುಗಿ ಹೋಗುವುದಲ್ಲ, ಖಾಲಿ ಗಾಡಿಗಳನ್ನು ನಿಲ್ಲಿಸಿಡುವ ಯಾರ್ಡಿಗೆ ಹೋಗುವುದು. ಸ್ಪೀಕರಿನವನು ಬಡಕೊಂಡದ್ದು ಅದನ್ನೇ. ಅತ್ತೆ ಬಾಗಿಲಿಗೆ ಓಡಿದರು. ಕೆಳಗೆ ನೋಡಿದರೆ ಪಾತಾಳ. ಪ್ಲಾಟ್‌ಫಾರ್ಮಿಲ್ಲದೆ ಲೋಕಲ್ ಎಷ್ಟು ಎತ್ತರ ಅಂತ ನಾನು ನೋಡಿದ್ದು ಅವತ್ತೇ. ಕೆಳಗೆಲ್ಲ ಚೂಪು ಜಲ್ಲಿ. ಹಳಿಯ ಪಕ್ಕ ಕೈಯಲ್ಲಿ ಸುತ್ತಿಗೆ ಹಿಡಿದು ಬರುತ್ತಿದ್ದ ರೈಲ್ವೆಯವನೊಬ್ಬ ನಮ್ಮನ್ನು ಕಂಡು ಹಣೆ ಚಚ್ಚಿಕೊಂಡ.

"ಅಹೋ ತಾಈ, ಇಥೆ ಕಾಯ್ ಕರತಾ?"

ಇಲ್ಲೇನು ಮಾಡುತ್ತಿದ್ದೀರಿ ಅಂತ. ಅತ್ತೆ ಕೈಯಲ್ಲಿದ್ದ ಕಾಗದ ತೋರಿಸಿದರು, ಅದೇ ಉತ್ತರ ಅನ್ನುವ ಹಾಗೆ. ಅವನಿಗೆ ಏನು ತಿಳಿಯಿತೋ, ಇಳಿಯಬೇಡಿ, ಹಳಿ ದಾಟಬೇಡಿ, ಮಧ್ಯಾಹ್ನಕ್ಕೆ ಇದೇ ಗಾಡಿ ಹೊರಡುತ್ತದೆ, ಕೂತಿರಿ ಅಂತ ಮರಾಠಿಯಲ್ಲಿ ಗದರಿಸಿ, ನಗುತ್ತ ಹೋದ.

ಅತ್ತೆ ಬಂದು ಕೂತರು. ಮುಖ ನೋಡಲಾಗುತ್ತಿರಲಿಲ್ಲ. "ಆಯ್ತು. ಇಷ್ಟೇ ನನ್ನ ಹಣೆಯಲ್ಲಿ ಬರೆದದ್ದು" ಅಂದರು. ಕಣ್ಣಲ್ಲಿ ನೀರು ನಿಂತಿತ್ತು. ಅತ್ತೆ ಅಳುವುದನ್ನು ನಾನು ನೋಡಿರಲೇ ಇಲ್ಲ, ಹೆದರಿಕೆಯಾಗಿ ಅವರ ಸೆರಗು ಹಿಡಿದುಕೊಂಡೆ.

ಆಮೇಲೆ ಇಬ್ಬರೂ ಸುಮ್ಮನಾದೆವು. ಆಗಲೇ ಅದು ಆದದ್ದು. ಎಡಕ್ಕೆ ಖಾಲಿ ಗಾಡಿ, ಬಲಕ್ಕೆ ಖಾಲಿ ಗಾಡಿ, ಅದರಾಚೆ ಇನ್ನೊಂದು. ಬೆಳಿಗ್ಗೆ ಇಡೀ ಊರನ್ನು ಹೊತ್ತು ಅಬ್ಬರಿಸಿದ ಗಾಡಿಗಳೆಲ್ಲ ಕೆಲಸ ಮುಗಿಸಿ ಬಂದ ಎಮ್ಮೆಗಳ ಹಾಗೆ ಸಾಲಾಗಿ ಮಲಗಿದ್ದವು. ನಮ್ಮ ತಲೆಯ ಮೇಲಿನ ಹಿಡಿಕೆಗಳು ಒಂದೂ ಅಲುಗಾಡುತ್ತಿರಲಿಲ್ಲ. ಬಿಸಿ ಕಬ್ಬಿಣದ ವಾಸನೆ. ಎಲ್ಲೋ ಒಂದು ಕಾಗೆ ಕೂಗಿ, ಅದೂ ಸುಮ್ಮನಾಯಿತು. ನಾನು ಹುಟ್ಟಿದಂದಿನಿಂದ ಸ್ಟೇಷನ್ ಪಕ್ಕದ ಮನೆಯಲ್ಲಿ ಬೆಳೆದವಳು. ನಿದ್ದೆಯಲ್ಲೂ ಗಾಡಿ ಸದ್ದು ಕೇಳಿದವಳು. ಏನೂ ಕೇಳಿಸದೆ ಇರುವುದು ಹೇಗಿರುತ್ತದೆ ಅಂತ ನನಗೆ ಗೊತ್ತೇ ಇರಲಿಲ್ಲ. ನನ್ನದೇ ಉಸಿರು ನನಗೆ ಕೇಳಿಸಿತು. ಮೈ ಜುಮ್ಮೆಂದಿತು.

"ಅತ್ತೆ, ಇದೆಂಥದು?" ಅಂತ ಪಿಸುಗುಟ್ಟಿದೆ. ಗಟ್ಟಿಯಾಗಿ ಮಾತಾಡಲಿಕ್ಕೆ ಧೈರ್ಯ ಬರಲಿಲ್ಲ.

ಅತ್ತೆ ನನ್ನನ್ನು ನೋಡಿದರು. ಕಿಟಕಿಯಾಚೆ ನೋಡಿದರು. ಆಮೇಲೆ ಕಾಗದ ತೊಡೆಯ ಮೇಲಿಟ್ಟು, ರಬ್ಬರು ತೆಗೆದು, ಪತ್ರೊಡೆಯನ್ನು ಉಜ್ಜಿಬಿಟ್ಟರು! ಅಷ್ಟು ದಿನ ಯಾರು ಹೇಳಿದರೂ ಬಿಡದಿದ್ದ ಪತ್ರೊಡೆ. ರಬ್ಬರಿನ ಹುಡಿಯನ್ನು ಊದಿ, ಆ ಮೂರು ಮನೆಗಳಲ್ಲಿ ನಿಧಾನವಾಗಿ ಬರೆದರು: ನೀ, ರ, ವ.

"ನೀರವ ಅಂದ್ರೆ?"

"ಈಗ ಕೇಳ್ತಾ ಉಂಟಲ್ಲ, ಅದು."

ಎಂಥ ಮಾತು! ಕೇಳಿಸದೆ ಇರುವುದಕ್ಕೂ ಒಂದು ಹೆಸರುಂಟು, ಅದನ್ನು ಮೂರು ಮನೆಗಳಲ್ಲಿ ಕೂರಿಸಬಹುದು ಅಂತ ನನಗೆ ಆ ಕ್ಷಣ ಗೊತ್ತಾಯಿತು. ಮೂಲೆಯ ಉಳಿದ ಪದಗಳು ಕರೆದ ಹಾಗೆ ಬಂದು ಕೂತವು. ನಾನು ಬಾಯಿ ಬಿಟ್ಟು ನೋಡುತ್ತಿದ್ದೆ. ಕಡೆಯಲ್ಲಿ ಅತ್ತೆ, ಅಚ್ಚಿಗೆಂದು ಖಾಲಿ ಮನೆ ಎಳೆದಿದ್ದ ಇನ್ನೊಂದು ಹಾಳೆಯಲ್ಲಿ, ಆ ಪದಕ್ಕೆ ಸುಳಿವು ಬರೆದರು: 'ಎಲ್ಲ ಗಾಡಿಗಳೂ ನಿಂತರೆ ಲೋಕ ಹೀಗೆ.'

ಗಾಡಿ ಹೊರಟು ನಾವು ಠಾಣೆ ಮುಟ್ಟುವಾಗ ಒಂದು ಗಂಟೆ ದಾಟಿತ್ತು. ಅತ್ತೆ ಸೀರೆ ಎತ್ತಿ ಕಟ್ಟಿ ಓಡಿದರು, ನಾನು ಹಿಂದೆ. ಪತ್ರಿಕೆಯ ಆಫೀಸಿನ ಮೆಟ್ಟಿಲಲ್ಲೇ ಸಂಪಾದಕರು ಎದುರಾದರು. ದಪ್ಪ ಮೀಸೆ, ವಿಜಯಪುರದ ಕಡೆಯವರು, ಕೈಯಲ್ಲಿ ಊಟದ ಡಬ್ಬಿ.

"ಏನ್ರೀ ಬಾಯಾರ, ಒಂದ್ ಗಂಟೆ ಅಂದಿದ್ನಲ್ರೀ? ಇನ್ನೊಬ್ಬರದು ಅಚ್ಚಿಗೆ ಕೊಡಾಕ ಹೇಳಿ ಬಂದೆ."

"ಯಾರ್ಡಿಗೆ ಹೋಗಿದ್ದೆ ಸರ್" ಅಂದರು ಅತ್ತೆ. ಬೇರೆ ಏನೂ ಹೇಳಲಿಕ್ಕೆ ಉಸಿರಿರಲಿಲ್ಲ.

ಅವರು ನಗಲಿಲ್ಲ. ಡಬ್ಬಿ ನನ್ನ ಕೈಗೆ ಕೊಟ್ಟು, ಕಾಗದ ತೆಗೆದುಕೊಂಡು, ಉತ್ತರಗಳಿದ್ದ ಹಾಳೆಯನ್ನು ಹಿಂದಕ್ಕೆ ಮಡಚಿ, ಖಾಲಿ ಮನೆಗಳನ್ನು ಅಲ್ಲೇ ನಿಂತು ಮನಸ್ಸಿನಲ್ಲೇ ತುಂಬಿಸತೊಡಗಿದರು. ಮೀಸೆ ಅಲುಗಾಡುತ್ತಿತ್ತು. ಹತ್ತುವವರು ಇಳಿಯುವವರು ಪಕ್ಕದಿಂದ ತೂರಿ ಹೋದರು. ಡಬ್ಬಿಯಿಂದ ಶೇಂಗಾ ಚಟ್ನಿಯ ಘಮ. ಅತ್ತೆಯ ಕೈ ನನ್ನ ಭುಜವನ್ನು ಹಿಂಡುತ್ತಿತ್ತು. ಕೊನೆಯ ಮೂಲೆಗೆ ಬಂದು ಅವರು ನಿಂತರು.

"ಎಲ್ಲ ಗಾಡಿಗಳೂ ನಿಂತರೆ… ಇದೇನರೀ ಇದು?"

ಅತ್ತೆ ಬಾಯಿ ತೆರೆದರು.

"ಹೇಳಬ್ಯಾಡ್ರಿ!" ಅಂತ ಅವರು ಕೈ ಅಡ್ಡ ಹಿಡಿದರು. "ಉತ್ತರ ಹೇಳಬ್ಯಾಡ್ರಿ. ನಾನಽ ಕಂಡ ಹಿಡೀತೀನಿ." ಹೀಗೆ ಹೇಳಿ, ಊಟ ಮರೆತು, ಕಾಗದ ಹಿಡಿದು ಮತ್ತೆ ಮೆಟ್ಟಿಲು ಹತ್ತಿದರು. ಡಬ್ಬಿ ನನ್ನ ಕೈಯಲ್ಲೇ ಉಳಿಯಿತು. ಆಮೇಲೆ ಜವಾನ ಬಂದು ತೆಗೆದುಕೊಂಡು ಹೋದ.

ಭಾನುವಾರ ಅಚ್ಚಾಯಿತು. ಅಪ್ಪ ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ಕೂತು, ದೋಸೆಗೆ ಬಂದವರಿಗೆಲ್ಲ 'ರಚನೆ: ಸುಮತಿ' ಎಂಬುದನ್ನು ತೋರಿಸಿದರಂತೆ. ಅತ್ತೆ ಮನೆಯಲ್ಲಿ ಒಂದು ಕಡೆ ಕೂರಲಿಲ್ಲ. ಕಡೆಗೆ ಚಪ್ಪಲಿ ಮೆಟ್ಟಿ, "ನಡಿ ಸ್ಟೇಷನಿಗೆ" ಅಂದರು.

"ಎಲ್ಲಿಗೆ ಹೋಗುವುದು?"

"ಯಾರಾದ್ರೂ ಬಿಡಿಸ್ತಾ ಇದ್ದಾರಾ ಅಂತ ನೋಡುವ."

ಒಂದು ಗಾಡಿಯಲ್ಲಿ ಬಿಡಿಸುವವರು ಯಾರೂ ಇರಲಿಲ್ಲ. ಇಳಿದು ಇನ್ನೊಂದು ಹತ್ತಿದೆವು. ಲೇಡೀಸ್ ಡಬ್ಬದಲ್ಲಿ ಭಾನುವಾರದ ಗಲಾಟೆ: ಒಂದು ಕಡೆ ತಾಳ ಹಾಕಿ ಭಜನೆ, ಇನ್ನೊಂದು ಕಡೆ ಕ್ಲಿಪ್ಪು ರಿಬ್ಬನ್ನು ಮಾರುವವಳ ಕೂಗು, ನಡುವೆ ಮಗುವಿನ ಅಳು. ಕಿಟಕಿ ಪಕ್ಕದಲ್ಲಿ ಮೈತುಂಬ ಸೆರಗು ಹೊದ್ದ ಹೆಂಗಸೊಬ್ಬರು ಪತ್ರಿಕೆಯನ್ನು ನಾಲ್ಕಾಗಿ ಮಡಚಿ, ಪೆನ್ನು ಹಿಡಿದು ಕೂತಿದ್ದರು. ಕನ್ನಡ ಪತ್ರಿಕೆ! ಅತ್ತೆ ನನ್ನ ಕೈ ಹಿಡಿದರು. ಅವರ ಅಂಗೈ ಬೆವತಿತ್ತು.

ನಾವು ಎದುರಿಗೆ ಕೂತೆವು. ಆ ಹೆಂಗಸು ಒಂದೊಂದೇ ತುಂಬಿಸುತ್ತ ಬಂದರು. ತುಂಬಿಸಿದಾಗಲೆಲ್ಲ ಅತ್ತೆಯ ಮುಖ ಅರಳುತ್ತಿತ್ತು. ಕೊನೆಗೆ ಆ ಮೂಲೆ. ಅಲ್ಲಿ ಪೆನ್ನು ನಿಂತಿತು. ಠಾಣೆ ಬಂತು, ನಾವು ಇಳಿಯಲಿಲ್ಲ. ಮುಲುಂಡ್ ಹೋಯಿತು, ಭಾಂಡುಪ್ ಹೋಯಿತು. ನನಗೆ ತಡೆಯಲಾಗಲಿಲ್ಲ, 'ನೀ' ಅನ್ನುವಷ್ಟರಲ್ಲಿ ಅತ್ತೆ ತೊಡೆ ಚಿವುಟಿದರು. ಕೆಂಪಾಗುವಷ್ಟು.

ಆಮೇಲೆ ನಡುದಾರಿಯ ಸಿಗ್ನಲಿನಲ್ಲಿ ಗಾಡಿ ನಿಂತಿತು. ಫ್ಯಾನುಗಳೂ ಅದೇನೋ ಕಾರಣಕ್ಕೆ ನಿಂತವು. ಭಜನೆಯವರು ಹಾಡು ಮುಗಿಸಿ ನೀರು ಕುಡಿಯುತ್ತಿದ್ದರು, ಮಗು ನಿದ್ದೆ ಹೋಗಿತ್ತು. ಒಂದು ಗಳಿಗೆ, ಒಂದೇ ಗಳಿಗೆ, ಅಷ್ಟು ದೊಡ್ಡ ಡಬ್ಬದಲ್ಲಿ ಎಲ್ಲ ಸುಮ್ಮನಾಯಿತು. ಆ ಹೆಂಗಸು ತಲೆ ಎತ್ತಿದರು. ಏನನ್ನೋ ಆಲಿಸಿದರು. ಮುಖದಲ್ಲಿ ಒಂದು ನಗು ಮೂಡಿತು. ಬಗ್ಗಿ ಬರೆದರು. ಮೂರು ಅಕ್ಷರ.

ನನ್ನ ಮೈಯ ರೋಮವೆಲ್ಲ ನಿಂತಿತು. ಯಾರ್ಡಿನಲ್ಲಿ ನಮ್ಮಿಬ್ಬರಿಗೆ ಮಾತ್ರ ಆದದ್ದು, ಹೆಸರೂ ಗೊತ್ತಿಲ್ಲದ ಇವರಿಗೆ ಹೇಗೆ ತಲುಪಿತು?

ಕುರ್ಲಾದಲ್ಲಿ ಅವರು ಪತ್ರಿಕೆ ಚೀಲಕ್ಕೆ ಹಾಕಿ ಇಳಿದುಹೋದರು. ಅತ್ತೆ ಕಿಟಕಿಗೆ ಮುಖ ಒತ್ತಿ, ಅವರು ಮೇಲ್ಸೇತುವೆ ಹತ್ತಿ ಮರೆಯಾಗುವವರೆಗೂ ನೋಡಿದರು.

"ನೀವೇ ಮಾಡಿದ್ದು ಅಂತ ಯಾಕೆ ಹೇಳಲಿಲ್ಲ ಅತ್ತೆ?"

"ಅದೀಗ ಅವರ ಪದ ಮಾರಾಯ್ತಿ" ಅಂದರು. ಕಣ್ಣು ಒರೆಸಿಕೊಂಡರು.

ಆ ಮಳೆಗಾಲದಲ್ಲಿ ಅತ್ತೆ ದಬರಿ ತುಂಬ ಪತ್ರೊಡೆ ಮಾಡಿದರು. ಮನೆಗಳಲ್ಲಿ ಕೂರದ್ದು ನಮ್ಮ ಹೊಟ್ಟೆಯಲ್ಲಿ ಸುಖವಾಗಿ ಕೂತಿತು. ಪದಬಂಧ ಎಷ್ಟೋ ವರ್ಷ ವಾರ ವಾರ ಬಂತು. ಪತ್ರಿಕೆ ಪುಟ ಕಡಿಮೆ ಮಾಡಿದಾಗ ಮೊದಲು ಹೋದದ್ದು ಅದೇ. ಈಗ ಅತ್ತೆಯೂ ಇಲ್ಲ.

ನಾನೀಗ ಖಾರಘರದಲ್ಲಿದ್ದೇನೆ, ಮಹಾಪೆಯಲ್ಲಿ ಕೆಲಸ. ಮೊನ್ನೆ ಡೊಂಬಿವಲಿಗೆ ತಮ್ಮನ ಮನೆಗೆ ಹೋಗುವಾಗ ಠಾಣೆಯಲ್ಲಿ ಏಸಿ ಲೋಕಲ್ ಹತ್ತಿದೆ. ಬಾಗಿಲು ತಾನೇ ಮುಚ್ಚಿಕೊಂಡಿತು. ಭಜನೆ ಇಲ್ಲ, ಕ್ಲಿಪ್ಪು ಮಾರುವವಳಿಲ್ಲ, ಜಗಳವೂ ಇಲ್ಲ. ಎಲ್ಲರ ಕಿವಿಯಲ್ಲೂ ಏನೋ ಸಿಕ್ಕಿಸಿತ್ತು, ಎಲ್ಲರ ಹೆಬ್ಬೆರಳೂ ಓಡುತ್ತಿತ್ತು. ಪಕ್ಕದ ಹುಡುಗಿ ಫೋನಿನಲ್ಲಿ ಪದಗಳ ಆಟವನ್ನೇ ಆಡುತ್ತಿದ್ದಳು. ಎದುರು ಕೂತು ಅವಳ ಮುಖ ನೋಡುವವರು ಯಾರೂ ಇರಲಿಲ್ಲ.

ದಿವಾ ದಾಟಿ ಸಿಗ್ನಲಿನಲ್ಲಿ ಗಾಡಿ ನಿಂತಿತು. ಅದೇ ಮೂರಕ್ಷರ ಡಬ್ಬದ ತುಂಬ ತುಂಬಿತ್ತು. ಯಾರಾದರೂ, ಒಬ್ಬರಾದರೂ ತಲೆ ಎತ್ತುತ್ತಾರೇನೋ ಅಂತ ಕಾದೆ. ಗಾಡಿ ಹೊರಡುವವರೆಗೂ ಕಾದೆ.